ಮೊದಲ ಹತ್ತು ಸಾಲಿನ ಗುರುಲಿಂಗಯ್ಯನವರು

ವಾಡಿಯ ನಮ್ಮ ಓಣಿಯಲ್ಲಿ ಗುರುಲಿಂಗಯ್ಯನವರ ಎದುರು ಕುಳಿತು ಮಾತನಾಡಿದವರಿಗೆಲ್ಲ ಅವರ ಬಲಗೈಯ ರೇಖೆಗಳು ಚೆನ್ನಾಗಿ ಪರಿಚಯ. ಯಾರು ಯಾವ ವಿಷಯ ಹೊತ್ತು ಬಂದರೂ ಸರಿ, ನಾಲ್ಕು ಮಾತು ಮುಗಿಯುವಷ್ಟರಲ್ಲಿ ಆ ಅಂಗೈ ಮೆಲ್ಲಗೆ ಎದೆಯ ಮಟ್ಟಕ್ಕೆ ಏಳುತ್ತದೆ, ಅದರ ಹಿಂದೆಯೇ "ತಿಳೀತ್ರಿ, ತಿಳೀತು. ತಲಿ ಸಿಕ್ತು" ಎಂಬ ಮಾತು ಬರುತ್ತದೆ. ಅದರಲ್ಲಿ ಒರಟುತನದ ಲವಲೇಶವೂ ಇರುವುದಿಲ್ಲ. ಮುಖದಲ್ಲಿ ಪ್ರಸನ್ನತೆ, ಕಣ್ಣಲ್ಲಿ ಸೌಜನ್ಯ, ಪಕ್ಕದಲ್ಲಿ ನಿಮಗಾಗಿಯೇ ತರಿಸಿದ ಚಹಾ, ಎಲ್ಲವೂ ಇದ್ದು, ನಿಮ್ಮ ಮಾತು ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ದಿನಪತ್ರಿಕೆಯಲ್ಲಿ ಅವರು ಓದುವುದು ತಲೆಬರಹ ಮತ್ತು ಮೊದಲ ಪ್ಯಾರಾ. ಆದ್ದರಿಂದ ಇಡೀ ಪತ್ರಿಕೆ ಚಹಾ ಆರುವ ಮೊದಲೇ ಮುಗಿದು ನಮ್ಮ ಮನೆಗೆ ಬರುತ್ತದೆ. ಸಿನಿಮಾಕ್ಕೆ ಹೋದರೆ ಮಧ್ಯಂತರದಲ್ಲಿ ಎದ್ದು ಬಂದು, ಮುಂದಿನದು ಗೊತ್ತಾಯಿತು ಎನ್ನುತ್ತಾರೆ. ಅವರ ಹೆಂಡತಿ ಮಹಾನಂದಾ ಇದನ್ನು ಬಂದವರ ಮುಂದೆಲ್ಲ ಆಡಿ ತೋರಿಸಿ ನಗಿಸುತ್ತಾರೆ. "ನನ್ನ ನೋಡ್ಲಿಕ್ಕ ಬಂದಾಗೂ ಹಿಂಗೇ ಮಾಡ್ಯಾರ್ರಿ. ನಾ ಚಹಾದ ತಾಟ ಹಿಡಕೊಂಡು ಒಳಗ ಬರೂದ್ರಾಗ ಹೂಂ ಅಂದುಬಿಟ್ಟಾರ. ಪೂರಾ ಓದಿದ್ರ ಏನಂತಿದ್ರೋ ಏನೋ."

ಈ ಅಭ್ಯಾಸಕ್ಕೆ ಒಂದು ಜನ್ಮಸ್ಥಳವಿದೆ. ಅದು ಶಹಾಬಾದದ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆ. ಊರಿಗೆ ಊರೇ ಬಿಸಿಲಿನಲ್ಲಿ ಬೇಯುತ್ತಿರುವಾಗ, ಗಣಿಯಿಂದ ಬಂದ ಫರಸಿ ಕಲ್ಲು ಮುಟ್ಟಿದರೆ ಕೈ ಸುಡುವಂತಿರುವಾಗ, ಆ ಒಂದು ಕೋಣೆ ಮಾತ್ರ ಯಂತ್ರಗಳ ಆರೋಗ್ಯಕ್ಕಾಗಿ ಹಗಲಿರುಳು ತಣ್ಣಗಿರುತ್ತಿತ್ತು. ಅಲ್ಲಿ ಕೆಲಸ ಮಾಡುವವರಿಗೆಲ್ಲ ಕಂಪನಿಯವರು ಬೂದುಬಣ್ಣದ ಉಣ್ಣೆಯ ಕೋಟು ಕೊಟ್ಟಿದ್ದರು. ಉಳಿದವರು ನಿವೃತ್ತರಾದ ಮೇಲೆ ಅದನ್ನು ಯಾರಿಗೋ ಕೊಟ್ಟು ಮರೆತರು; ಗುರುಲಿಂಗಯ್ಯನವರು ಇಂದಿಗೂ ತೊಡುತ್ತಾರೆ. ನಮ್ಮ ಸೀಮೆಯ ವೈಶಾಖದಲ್ಲಿ ಉಣ್ಣೆಯ ಕೋಟು ತೊಟ್ಟು ಸ್ಟೇಷನ್ನಿನ ಕಡೆ ತಿರುಗಾಡಲು ಹೊರಡುವ ಮನುಷ್ಯ ಅವರೊಬ್ಬರೇ ಇರಬೇಕು. ನಡಿಗೆಯೂ ಆ ಕೋಣೆಯಿಂದಲೇ ಬಂದದ್ದು. ಅಲ್ಲಿಯ ನೆಲ ಟೊಳ್ಳು, ಅದರ ಅಡಿಯಲ್ಲಿ ತಂತಿಗಳು ಹಾಯ್ದಿದ್ದವು. ಹೆಜ್ಜೆ ಸಪ್ಪಳವಾದರೆ ಮೇಲಧಿಕಾರಿ ಕಣ್ಣು ಕೆಂಪು ಮಾಡುತ್ತಿದ್ದ. ಹಾಗಾಗಿ ಗುರುಲಿಂಗಯ್ಯನವರು ಗಟ್ಟಿ ನೆಲದ ಮೇಲೂ ನಿದ್ದೆಯಲ್ಲಿರುವ ಕೂಸನ್ನು ದಾಟುವವರಂತೆ ಕಾಲೆತ್ತಿ ಮೆಲ್ಲಗೆ ಇಡುತ್ತಾರೆ. ಯಾವ ಮನೆಯಲ್ಲಿ ಕಂಪ್ಯೂಟರ್ ಕಂಡರೂ ಚಪ್ಪಲಿ ಬಿಟ್ಟೇ ಹತ್ತಿರ ಹೋಗುತ್ತಾರೆ.

ಆ ಕೋಣೆಗೆ ದೂರದ ದೊಡ್ಡ ಕಚೇರಿಯಿಂದ ಸಂದೇಶಗಳು ಟೆಲಿಫೋನ್ ತಂತಿಯ ಮೂಲಕ ಬರುತ್ತಿದ್ದವು. ತಂತಿ ಎಂದರೆ ಅಂತಿಂಥ ತಂತಿಯಲ್ಲ; ಗಾಳಿ ಬೀಸಿದರೆ ಮುನಿಸು, ಮಳೆ ಬಂದರೆ ಮೌನ. ಇಡೀ ಸಂದೇಶವನ್ನು ತರಿಸಿಕೊಳ್ಳುತ್ತ ಕುಳಿತರೆ ಅರ್ಧಕ್ಕೆ ಸಂಪರ್ಕ ಹೋಗಿ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಆಗ ಅವರು ಕಂಡುಕೊಂಡ ದಾರಿ ಇದು: ಮೊದಲು ಪ್ರತಿ ಸಂದೇಶದ ಮೇಲಿನ ಹತ್ತು ಸಾಲು ಮಾತ್ರ ತರಿಸಿ ನೋಡುವುದು, ತುರ್ತಿದ್ದುದನ್ನು ಪೂರ್ತಿ ಇಳಿಸಿಕೊಳ್ಳುವುದು, ಉಳಿದುದನ್ನು ಹವೆ ತಿಳಿಯಾದಾಗ ನೋಡಿಕೊಳ್ಳುವುದು. ಕಚೇರಿಯ ಮಂದಿ ವಿಷಯವನ್ನು ನೆತ್ತಿಯ ಮೇಲೆಯೇ ಇಟ್ಟು ಬರೆಯುವವರಾದ್ದರಿಂದ ಈ ಉಪಾಯ ಎಂದೂ ಕೈಕೊಡಲಿಲ್ಲ. ಹೀಗೆ ಹತ್ತು ಸಾಲು ಓದುತ್ತ ಓದುತ್ತ ಅವರ ಕಪ್ಪು ಕೂದಲು ಬೆಳ್ಳಗಾಯಿತು.

ನಿವೃತ್ತಿಯ ನಂತರ ವಾಡಿಯಲ್ಲಿ ಮನೆ ಮಾಡಿದರು. ಅಲ್ಲಿ ಮೇಜಿನ ಮೇಲೆ ಒಳ್ಳೆಯ ಕಂಪ್ಯೂಟರ್ ಇದೆ. ಅದರೊಳಗೆ ಅವರು ಬಹುಕಾಲದಿಂದ ಬಳಸುವ ಮೇಲ್ ತಂತ್ರಾಂಶವಿದೆ. ಬೀಗರದೊಂದು ಕಡತ, ಪಿಂಚಣಿದಾರರ ಸಂಘದ್ದೊಂದು ಕಡತ, ಮಠದ್ದೊಂದು ಕಡತ ಎಂದು ಎಲ್ಲವೂ ಅಚ್ಚುಕಟ್ಟು. ಆದರೆ ಊರಿನ ಧೂಳಿಗೂ ಅವರ ಎದೆಗೂ ಕೂಡಿಬರುವುದಿಲ್ಲ. ದಸರಾ ಮುಗಿಯುತ್ತಿದ್ದಂತೆ ಕೆಮ್ಮು ಏಳುತ್ತದೆ. ಆಗ ಗಂಡಹೆಂಡತಿ ಇಬ್ಬರೂ ಚಿಂಚೋಳಿಯ ಆಚೆಗಿನ ಕಾಡಂಚಿನ ಒಂದು ಹಳ್ಳಿಗೆ ಹೋಗಿ, ಚೌಡೇಶ ಎಂಬ ರೈತನ ಹೊಲದ ಮನೆಯಲ್ಲಿ ದೀಪಾವಳಿಯ ತನಕ ಇದ್ದು ಬರುತ್ತಾರೆ. ಅಲ್ಲಿ ಗುಡ್ಡವಿದೆ, ಹಸಿರಿದೆ, ಕೆಮ್ಮಿಗೆ ಬಿಡುವಿದೆ. ಇಲ್ಲದ್ದು ಒಂದೇ, ಫೋನಿನ ಸಿಗ್ನಲ್.

ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಹೊಲದ ಮೇಲುಗಡೆ ಒಂದು ಚಪ್ಪಟೆ ಬಂಡೆಯಿದೆ. ಅದರ ಮೂಡಣ ಅಂಚಿನಲ್ಲಿ ಕುಳಿತರೆ ತೆಲಂಗಾಣದ ದಿಕ್ಕಿನ ಯಾವುದೋ ಟವರಿನಿಂದ ಸಿಗ್ನಲ್ಲಿನ ಒಂದು ಎಳೆ ಬಂದು ಹೋಗಿ ಮಾಡುತ್ತದೆ. ಮಾತನಾಡಲು ಅದು ಸಾಲದು, ಮಾತು ತುಂಡುತುಂಡಾಗಿ ಅತ್ತಲಿಂದ ಕೆಮ್ಮಿದಂತೆ ಕೇಳುತ್ತದೆ. ಫೋನಿನಲ್ಲಿ ಮೇಲ್ ತೆರೆಯಲು ಹೋದರೆ ಪರದೆಯ ಮೇಲೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದರ ಪಾಡಿಗೆ ಅದು ತಿರುಗುತ್ತಲೇ ಇರುತ್ತದೆ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಗುರುಲಿಂಗಯ್ಯನವರಿಗೆ ಮಾತ್ರ ಅಲ್ಲಿ ಯೌವನ ಮರಳಿ ಬರುತ್ತದೆ.

ಒಂದು ವರ್ಷ ಅವರನ್ನು ನೋಡಿ ಬರಲು ಹೋದಾಗ ನಾನೂ ಆ ಬಂಡೆಯ ಮೇಲೆ ಕುಳಿತಿದ್ದೆ. ಕೋಟಿನ ಒಳಜೇಬಿನಿಂದ ಮಡಿಸಿದ ಟವೆಲ್ ತೆಗೆದು ಹಾಸಿದರು, ಚಪ್ಪಲಿ ಬಿಟ್ಟರು, ಅಂಚು ಸವೆದ ಒಂದು ಹಳೆಯ ಸಣ್ಣ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಫೋನಿಗೆ ಜೋಡಿಸಿ, ಕಪ್ಪು ಪರದೆಯ ಮೇಲೆ ಬರಿಗೈಯಲ್ಲಿ ಒಂದೊಂದೇ ಪದ ಟೈಪು ಮಾಡತೊಡಗಿದರು. ಯಾವ ತಂತ್ರಾಂಶವೂ ಇಲ್ಲ, ಚಿತ್ರವಿಲ್ಲ, ಗುಂಡಿಯಿಲ್ಲ. ಅವರ ಅಂಚೆ ಸಂಗ್ರಹವಾಗಿರುವ ದೂರದ ಯಂತ್ರದೊಡನೆ ಅದರದೇ ಭಾಷೆಯಲ್ಲಿ ನೇರ ಸಂಭಾಷಣೆ. ನಾನು ಇಂಥವನು ಎಂದು ಇವರು ಹೇಳಿದರೆ, ಸರಿ ಎಂದು ಅದು ಹೇಳುತ್ತದೆ. ಅದು ಸರಿ ಎಂದಾಗಲೆಲ್ಲ ಇವರು ಪರದೆಗೆ ಸಣ್ಣಗೆ ತಲೆಬಾಗಿಸುತ್ತಿದ್ದರು. ಎಷ್ಟು ಪತ್ರ ಬಂದಿವೆ, ಒಂದೊಂದರ ಭಾರವೆಷ್ಟು ಎಂದು ಕೇಳಿದರು. ಅಂಕಿಗಳು ತಾಸಿನ ಮುಳ್ಳಿನ ಗತಿಯಲ್ಲಿ ಇಳಿದುಬಂದವು. ಭಾರದ ಪತ್ರಗಳನ್ನು ಕಂಡು, ಇದು ಸಂಘದವರು ಕಳಿಸಿದ ಸನ್ಮಾನದ ಫೋಟೋಗಳಿರಬೇಕು, ಇದು ಯಾರದೋ ಸೀಮಂತದ ವಿಡಿಯೋ ಇರಬೇಕು, ವಾಡಿಗೆ ಹೋದ ಮೇಲೆ ನೋಡಿದರಾಯಿತು ಎಂದು ಪಕ್ಕಕ್ಕಿಟ್ಟರು. ಹಗುರದ ಪತ್ರಗಳಿಗೆ ಮಾತ್ರ ತಲೆ ತೋರಿಸು ಎಂಬ ಆಜ್ಞೆ. ಯಂತ್ರ ಪ್ರತಿಯೊಂದರ ಮೊದಲ ಹತ್ತು ಸಾಲನ್ನು ತೋರಿಸಿ ಸುಮ್ಮನಾಗುತ್ತಿತ್ತು. ಬೆಳಗಿನ ಎಳೆಬಿಸಿಲು, ಕೆಳಗೆ ತೊಗರಿಯ ಹಳದಿ ಹೂವು, ಎಲ್ಲೋ ನವಿಲಿನ ಕೂಗು; ಅವರ ಮುಖದಲ್ಲಿ ಪೂಜೆ ಮುಗಿಸಿ ಎದ್ದವರ ತೃಪ್ತಿ ಇತ್ತು. ಆ ಹೊತ್ತಿನಲ್ಲಿ ನನಗೂ ಬದುಕು ಅಷ್ಟೇ ಹಗುರ ಎನಿಸಿದ್ದು ಸುಳ್ಳಲ್ಲ.

ಬಂಧುಬಳಗಕ್ಕೆಲ್ಲ ಅವರದೊಂದು ಕಟ್ಟಪ್ಪಣೆ ಇತ್ತು. ತಾವು ಗುಡ್ಡದ ಕಡೆ ಇರುವಾಗ ಯಾರು ಬರೆದರೂ ಚಿತ್ರ ಹಚ್ಚಬಾರದು, ಬಣ್ಣ ಹಾಕಬಾರದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಯಾಕೆಂದರೆ ಆ ಬರಿಯ ಕಪ್ಪು ಪರದೆಯಲ್ಲಿ ಕನ್ನಡದ ಅಕ್ಷರಗಳು ಒಡೆದು ಚೂರಾಗಿ ಕಾಣುತ್ತವೆ. ವಿಷಯವನ್ನು ಮೊದಲೇ ಹೇಳಬೇಕು ಎಂಬುದೊಂದನ್ನು ಮಾತ್ರ ಆ ಅಪ್ಪಣೆಯಲ್ಲಿ ಸೇರಿಸಲು ಮರೆತಿದ್ದರು. ಸೇರಿಸಿದ್ದರೂ ನಮ್ಮ ಕಡೆಯ ಜನ ಅದನ್ನು ಪಾಲಿಸುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಏಕೆಂದರೆ ಸೇಡಮಿನಿಂದ ಚಿತ್ತಾಪುರದವರೆಗೆ, ಆಡಕಿಯ ಕಟ್ಟೆಯಿಂದ ಚಿಂಚೋಳಿಯ ಸಂತೆಯವರೆಗೆ, ನಮ್ಮವರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ. ಹಾಗೆ ಹೇಳುವುದು ಅವಸರದವರ, ಅಗೌರವದ ಲಕ್ಷಣ. ಮೊದಲು ಕ್ಷೇಮ, ಆಮೇಲೆ ಮಳೆ, ಬೆಳೆ, ದನಕರು, ಆಮೇಲೆ ಹಿರಿಯರ ಮೊಣಕಾಲು, ಕಿರಿಯರ ಪರೀಕ್ಷೆ, ಚಹಾ, ಅಡಿಕೆ, ಮತ್ತೇನು ವಿಶೇಷವಿಲ್ಲ ಎಂಬ ಘೋಷಣೆ. ಎದ್ದು ನಿಂತು, ಚಪ್ಪಲಿ ಮೆಟ್ಟಿ, ಹೊಸ್ತಿಲ ಆಚೆ ಒಂದು ಕಾಲಿಟ್ಟ ಮೇಲೆಯೇ ತಿರುಗಿ "ಅಂದಂಗ" ಎನ್ನುತ್ತಾರೆ. ಆ 'ಅಂದಂಗ'ದ ಮುಂದೆ ಇರುವುದೇ ಅವರು ಬಂದ ಕಾರಣ. ಪತ್ರ ಬರೆದರೂ ಇದೇ ಕ್ರಮ. ಗುರುಲಿಂಗಯ್ಯನವರೂ ಇದೇ ಮಣ್ಣಿನವರೇ. ಆದರೆ ತಣ್ಣನೆಯ ಆ ಕೋಣೆ ಅವರಿಗೆ ಇದನ್ನು ಮರೆಸಿತ್ತು.

ಆ ಕೋಣೆಗಾಗಿ ಅವರು ಒಮ್ಮೆ ದೊಡ್ಡ ದಂಡ ತೆತ್ತಿದ್ದರು. ಚಿತ್ತಾಪುರದಲ್ಲಿ ಅವರ ಅಕ್ಕ ಲಲಿತಾಬಾಯಿ ಇದ್ದಾರೆ. ತಾಯಿ ಹೋದ ಮೇಲೆ ಈ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಅವರ ಮಗ ಸಿದ್ಧಲಿಂಗನ ಮದುವೆಯ ಮುಂಜಾನೆ ಸೋದರಮಾವ ಹಂದರದಲ್ಲಿ ಇರಬೇಕಿತ್ತು. ಸೋದರಮಾವ ಶಹಾಬಾದದ ಕೋಣೆಯಲ್ಲಿ ಇದ್ದರು. ದೊಡ್ಡ ಕಚೇರಿಯ ತಿಂಗಳ ಕೊನೆಯ ಸಂದೇಶ ಬರುತ್ತಿತ್ತು, ತುಂಡಾಗುತ್ತಿತ್ತು, ಮತ್ತೆ ಬರುತ್ತಿತ್ತು. ಈಗ ಮುಗಿದೀತು, ಈಗ ಮುಗಿದೀತು ಎಂದು ಕುಳಿತವರು ಕೋಟು ಸಮೇತ ಹಂದರಕ್ಕೆ ಓಡಿಬರುವಷ್ಟರಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಕುಳಿತಿದ್ದರು. ಲಲಿತಾಬಾಯಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. "ಆ ಡಬ್ಬಿ ಹೇಳೂದು ಪೂರಾ ಕೇಳ್ತಿ. ನಾ ಹೇಳೂದು ಅರ್ಧಾ ಕೇಳ್ತಿ" ಎಂದಷ್ಟೇ ಅಂದು ಒಳಗೆ ಹೋದರು.

ಅಂದಿನಿಂದ ಅಕ್ಕತಮ್ಮಂದಿರ ನಡುವೆ ಉಳಿದದ್ದು ಮೂರು ಮಾತು: ಬಂದಿ, ಕುಂದ್ರು, ಚಹಾ ಕುಡಿ. ಹಬ್ಬಕ್ಕೆ ಹೋದರೂ ಅಷ್ಟೇ, ಸಾವಿಗೆ ಹೋದರೂ ಅಷ್ಟೇ. ಗುರುಲಿಂಗಯ್ಯನವರು ಮೇಲ್ನೋಟಕ್ಕೆ ಸುಖಿ. ಆದರೆ ಚಿತ್ತಾಪುರದ ರೈಲು ಸ್ಟೇಷನ್ನಿನಲ್ಲಿ ನಿಂತರೆ ಅವರ ಮಾತು ತಾನಾಗಿ ನಿಲ್ಲುತ್ತದೆ ಎಂದು ಮಹಾನಂದಾ ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರಂತೆ. ಅಕ್ಕನೊಡನೆ ಮೊದಲಿನ ಸಲಿಗೆ ಮರಳಬೇಕು ಎಂಬುದೊಂದನ್ನು ಬಿಟ್ಟರೆ ಅವರಿಗೆ ಈ ಲೋಕದಿಂದ ಬೇರೇನೂ ಬೇಕಿರಲಿಲ್ಲ.

ಹೋದ ವರ್ಷ ದಸರೆಯ ನಂತರ, ಒಂದು ಬೆಳಿಗ್ಗೆ, ಬಂಡೆಯ ಮೇಲೆ ಕುಳಿತು ಪಟ್ಟಿ ನೋಡುತ್ತಿದ್ದಾಗ ಅವರಿಗೆ ಹಗುರದ ಪತ್ರವೊಂದರ ಮೇಲೆ ಅಕ್ಕನ ಹೆಸರು ಕಂಡಿತು. ಎರಡು ಸಲ ಕನ್ನಡಕ ಒರೆಸಿಕೊಂಡರು. ಲಲಿತಾಬಾಯಿ ಜನ್ಮದಲ್ಲಿ ಮೇಲ್ ಬರೆದವರಲ್ಲ. ಫೋನ್ ಮಾಡಿದರೆ ತಾವೇ ಸೋತಂತೆ ಎಂದು ಬಗೆದವರು, ಮಾಡಿದರೂ ಗುಡ್ಡದಲ್ಲಿ ಹತ್ತುವುದಿಲ್ಲವೆಂದು ತಿಳಿದವರು, ಮಗಳು ಐಶ್ವರ್ಯಳಿಂದ ಕಲಿತು, ತಮ್ಮನ ಕಟ್ಟಪ್ಪಣೆಯನ್ನೂ ಅವಳಿಂದಲೇ ಕೇಳಿ ತಿಳಿದು, ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಕನ್ನಡ ಬರೆದಿದ್ದರು. ಗುರುಲಿಂಗಯ್ಯನವರು ತಲೆ ತೋರಿಸು ಎಂದು ಯಂತ್ರಕ್ಕೆ ಹೇಳಿದರು. ಹತ್ತು ಸಾಲು ಇಳಿದುಬಂದವು. ತಮ್ಮನಿಗೆ ಅಕ್ಕನ ಆಶೀರ್ವಾದ, ಇಲ್ಲಿ ನಾವೆಲ್ಲ ಆರಾಮ, ಅಲ್ಲಿ ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ, ಈ ಕಡೆ ಮಳೆ ಚೆನ್ನಾಗಿ ಆಗಿದೆ, ತೊಗರಿ ಹೂವಾಡುತ್ತಿದೆ, ಮಹಾನಂದಾಳ ಬೆನ್ನುನೋವು ಹೇಗಿದೆ. ಅಲ್ಲಿಗೆ ಯಂತ್ರ ಸುಮ್ಮನಾಯಿತು.

ಗುರುಲಿಂಗಯ್ಯನವರ ಕಣ್ಣು ತುಂಬಿ ಬಂತು. ತಲೆ ಸಿಕ್ಕಿತ್ತು: ಅಕ್ಕ ಆರಾಮ ಇದ್ದಾಳೆ, ಅಕ್ಕ ಬರೆದಿದ್ದಾಳೆ, ಅಕ್ಕನ ಸಿಟ್ಟು ಇಳಿದಿದೆ. ಇದಕ್ಕಿಂತ ಹೆಚ್ಚಿನದೇನಿದ್ದೀತು? ಉಳಿದುದನ್ನು ವಾಡಿಯಲ್ಲಿ, ತಮ್ಮ ಒಳ್ಳೆಯ ಪರದೆಯ ಮೇಲೆ, ಜಳಕ ಮಾಡಿ, ವಿಭೂತಿ ಹಚ್ಚಿ, ಸಾವಕಾಶ ಓದಬೇಕೆಂದು ಜೋಪಾನವಾಗಿ ಪಕ್ಕಕ್ಕಿಟ್ಟರು. ಗುಡ್ಡವಿಳಿಯುವಾಗ ಅವರ ಮೆಲುನಡಿಗೆಯಲ್ಲಿ ಒಂದು ಸಣ್ಣ ಕುಣಿತವಿತ್ತೆಂದು ಮಹಾನಂದಾ ಹೇಳುತ್ತಾರೆ. ಅಂದು ಹೋಳಿಗೆ ಮಾಡಿಸಿ ಉಂಡರು.

ಅದಾಗಿ ಎರಡು ದಿನಕ್ಕೆ, ರವಿವಾರ ಮಧ್ಯಾಹ್ನ, ಹೊಲದ ಒಡೆಯ ಚೌಡೇಶ ಬಂದ. ಬಂದವನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಕ್ಷೇಮ ಕೇಳಿದ. ಹಂದಿಗಳು ತೊಗರಿಗೆ ನುಗ್ಗುವ ಕಥೆ ಹೇಳಿದ. ಎಮ್ಮೆ ಬತ್ತಿದ್ದು, ಚಿಂಚೋಳಿಯ ಬಸ್ಸು ಹೊತ್ತಿಗೆ ಬಾರದ್ದು, ಎಲ್ಲವನ್ನೂ ಹೇಳಿದ. ಗುರುಲಿಂಗಯ್ಯನವರ ಅಂಗೈ ಅಷ್ಟರಲ್ಲಿ ಹಲವು ಸಲ ಎದೆಯ ಮಟ್ಟಕ್ಕೆ ಬಂದು ಹೋಗಿತ್ತು. ಚೌಡೇಶ ಅದನ್ನು ಗಣಿಸುವವನಲ್ಲ. ಚಹಾ ಕುಡಿದು, ಮತ್ತೇನಿಲ್ಲ ಎಂದು ಎದ್ದು, ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಬೇಲಿಯ ಬಾಗಿಲಿಗೆ ಕೈಯಿಟ್ಟು ತಿರುಗಿದ.

"ಅಂದಂಗ ಸ್ವಾಮೇರ, ಮೊಮ್ಮಗನ್ನ ತೊಟ್ಟಿಲಾಗ ಹಾಕೋದದ. ಹೆಸರು ನೀವೇ ಇಡಬೇಕಂತ ಮನಿ ಮಂದಿ ಎಲ್ಲಾ ಅನ್ಲಿಕತ್ತಾರ."

ಗುರುಲಿಂಗಯ್ಯನವರು ದೊಡ್ಡದಾಗಿ ನಕ್ಕರು. ಇಷ್ಟು ಹೇಳಲಿಕ್ಕೆ ಇಷ್ಟು ಹೊತ್ತು ಬೇಕಾಯಿತೇನೋ ಎಂದು ಛೇಡಿಸಿದರು. ಶುಭದ ಮಾತನ್ನು ಬಂದ ಕೂಡಲೇ ಹೇಗೆ ಹೇಳುವುದು, ಅದಕ್ಕೊಂದು ರೀತಿ ಬೇಡವೇ ಎಂದು ಚೌಡೇಶ ಸಹಜವಾಗಿ ಉತ್ತರಿಸಿ ಹೊರಟುಹೋದ. ನಗುತ್ತಿದ್ದವರು ನಗುವಿನ ನಡುವೆಯೇ ನಿಂತರು. ಚಹಾದ ಬಟ್ಟಲು ತೆಗೆಯಲು ಬಂದ ಮಹಾನಂದಾಗೆ ಗಂಡನ ಮುಖ ಬೆಳ್ಳಗಾದದ್ದು ಕಂಡಿತು.

"ಅಕ್ಕ ಬರೀ ಮಳಿ ಬೆಳಿ ಹೇಳ್ಲಿಕ್ಕ ಬರದಿಲ್ಲ ಮಹಾನಂದಾ. ಅಕಿ ಇನ್ನಾ ಹೊಸ್ತಿಲ ತನಕ ಬಂದೇ ಇಲ್ಲ. ನಾನೇ ನಡುವ ಕೈ ಎತ್ತೀನಿ."

ಕೋಟು ತೊಡುವುದನ್ನೂ ಮರೆತು ಅವರು ಗುಡ್ಡ ಹತ್ತಿದರು. ಮಹಾನಂದಾ ಬೆನ್ನುನೋವನ್ನು ಲೆಕ್ಕಿಸದೆ ಕೋಟು ಹಿಡಿದು ಹಿಂದೆ ನಡೆದರು. ಬಂಡೆಯ ಅಂಚಿನಲ್ಲಿ ಕುಳಿತು, ಯಂತ್ರವನ್ನು ಕರೆದು, ಈ ಸಲ ತಲೆಯನ್ನಲ್ಲ, ಪತ್ರವನ್ನು ಪೂರ್ತಿ ಕೊಡು ಎಂದು ಕೇಳಿದರು. ಆಶೀರ್ವಾದ ಬಂತು, ಮಳೆ ಬಂತು, ತೊಗರಿ ಬಂತು, ಬೆನ್ನುನೋವು ಬಂತು. ಅದರ ಮುಂದೆ ಎರಡು ಸಾಲಿಗೆ ಸಿಗ್ನಲ್ ಹೋಯಿತು. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಯುವ ಸೌಲಭ್ಯ ಆ ಭಾಷೆಯಲ್ಲಿಲ್ಲ. ಮತ್ತೆ ಕರೆದು, ಮತ್ತೆ ಹೆಸರು ಹೇಳಿ, ಮತ್ತೆ ಮೊದಲಿನಿಂದ ಕೇಳಬೇಕು. ಮತ್ತೆ ಆಶೀರ್ವಾದ, ಮತ್ತೆ ಮಳೆ, ಮತ್ತೆ ತೊಗರಿ. ಈ ಸಲ ಸ್ವಲ್ಪ ಮುಂದಕ್ಕೆ ಬಂತು: ಅಕ್ಕನ ಮೊಣಕಾಲು ಈಗ ಮೆಟ್ಟಿಲು ಹತ್ತಗೊಡುವುದಿಲ್ಲವಂತೆ. ಮತ್ತೆ ತುಂಡಾಯಿತು. ಮತ್ತೆ ಮೊದಲಿನಿಂದ. ಅವ್ವ ಹಾಕಿದ ಮಲ್ಲಿಗೆಯ ಬಳ್ಳಿಯಿಂದ ಒಂದು ಕೊಂಬೆ ತಂದು ಚಿತ್ತಾಪುರದ ಹಿತ್ತಲಲ್ಲಿ ನೆಟ್ಟಿದ್ದರಂತೆ, ಅದೀಗ ಗೋಡೆ ಹತ್ತಿದೆಯಂತೆ, ತಮ್ಮ ಇನ್ನೂ ನೋಡೇ ಇಲ್ಲವಂತೆ.

ಬದುಕಿನಲ್ಲಿ ಮೊದಲ ಬಾರಿಗೆ ಗುರುಲಿಂಗಯ್ಯನವರು ಅಕ್ಕನ ಮಾತನ್ನು ಹೀಗೆ, ಒಂದು ಅಕ್ಷರ ಬಿಡದೆ, ಮರಳಿ ಮರಳಿ ಕೇಳುತ್ತಿದ್ದರು. ಪ್ರತಿ ಬಾರಿ ತುಂಡಾದಾಗಲೂ ಆತಂಕ ಹೆಚ್ಚುತ್ತಿತ್ತು. ಆದರೆ ಪ್ರತಿ ಬಾರಿ ಆಶೀರ್ವಾದದ ಸಾಲು ಮೊದಲಿನಿಂದ ಇಳಿದುಬಂದಾಗ ಮನಸ್ಸಿಗೆ ಹಿತವೂ ಆಗುತ್ತಿತ್ತು. ಪಕ್ಕದಲ್ಲಿ ಕುಳಿತ ಮಹಾನಂದಾಗೆ ಪತ್ರ ಬಾಯಿಪಾಠವಾಗಿ, ಪರದೆಗಿಂತ ಮುಂಚೆ ಅವರೇ ಹೇಳತೊಡಗಿದ್ದರು. ಬಿಸಿಲು ಇಳಿದು ಗುಡ್ಡದ ನೆರಳು ಹೊಲದ ಮೇಲೆ ಚಾಚುವ ಹೊತ್ತಿಗೆ ಎಳೆ ಹೇಗೋ ಗಟ್ಟಿಯಾಗಿ ನಿಂತಿತು. ಮತ್ತೇನು ವಿಶೇಷವಿಲ್ಲ ಎಂಬ ಸಾಲು ಬಂತು. ಅದರ ಕೆಳಗೆ ಕೊನೆಯ ಸಾಲುಗಳು ಬಂದವು.

"ಅಂದಂಗ ತಮ್ಮಾ, ಬರೂ ಸೋಮವಾರ ಐಶ್ವರ್ಯಾನ ನಿಶ್ಚಯ ಅದ. ಸೇಡಮಿನವರು, ಮಂದಿ ಭಾಳ ಚಲೋ ಹಾರ. ಎಲಿ ಅಡಿಕಿ ಸೋದರಮಾವನ ಕೈಲೇ ಆಗಬೇಕಂತ ಹೇಳೀನಿ. ನೀ ಬರೂ ತನಕ ನಾ ಯಾವದೂ ಸುರು ಮಾಡಸಂಗಿಲ್ಲ."

ಸೋಮವಾರ ಎಂದರೆ ನಾಳೆ. ಬರುತ್ತೇನೆ ಎಂಬ ಒಂದೇ ಪದವನ್ನು ಬರೆದು ಕಳಿಸಿದರು. ಸರಿ ಎಂಬ ಉತ್ತರ ಬರುವ ಮೊದಲೇ ಎಳೆ ಹರಿಯಿತು. ಹೋಯಿತೋ ಇಲ್ಲವೋ ಬಲ್ಲವರಾರು. ಅಷ್ಟು ಹೊತ್ತಿಗೆ ಹಳ್ಳಿಯಿಂದ ಹೊರಡುವ ಕೊನೆಯ ಬಸ್ಸೂ ಹೋಗಿಯಾಗಿತ್ತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಗಂಡಹೆಂಡತಿ ಹೊರಟರು. ಅದು ಚೌಡೇಶ ಹೇಳಿದಂತೆಯೇ ಹೊತ್ತಿಗೆ ಬರಲಿಲ್ಲ. ಚಿಂಚೋಳಿಯಲ್ಲಿ ಇಳಿದು ಸೇಡಮಿನ ಬಸ್ಸು, ಸೇಡಮಿನಲ್ಲಿ ಇಳಿದು ಚಿತ್ತಾಪುರದ ಬಸ್ಸು. ದಾರಿಯುದ್ದಕ್ಕೂ ಗುರುಲಿಂಗಯ್ಯನವರು ಕೋಟಿನ ಗುಂಡಿ ಹಾಕುತ್ತ ಬಿಚ್ಚುತ್ತ, ಕಂಡಕ್ಟರನು ಟಿಕೇಟು ಕೊಡುತ್ತ ಆಡಿದ ಮಾತೆಲ್ಲವನ್ನೂ ಕೊನೆಯ ತನಕ ಕೇಳಿಸಿಕೊಳ್ಳುತ್ತ ಕುಳಿತಿದ್ದರಂತೆ. ಎಲ್ಲಿ ಮತ್ತೆ ಊಟದ ಹೊತ್ತಿಗೆ ಮುಟ್ಟುವೆನೋ ಎಂಬ ಅಂಜಿಕೆ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಚಿತ್ತಾಪುರದ ಮನೆಯಲ್ಲಿ ಸೇಡಮಿನ ಬೀಗರು ಬಂದು ಉಪ್ಪಿಟ್ಟು ತಿಂದು, ಚಹಾ ಕುಡಿದು, ಮಳೆ ಬೆಳೆ ಎಲ್ಲ ಮುಗಿಸಿ, ಹೊತ್ತು ಮೀರುತ್ತಿದೆ ಎಂದು ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು. ಸೋದರಮಾವನ ಬದಲು ಸಿದ್ಧಲಿಂಗನೇ ಎಲೆ ಅಡಿಕೆ ಕೊಟ್ಟರಾಗದೇ ಎಂದು ಹಿರಿಯರೊಬ್ಬರು ಸೂಚಿಸಿದರು. ಲಲಿತಾಬಾಯಿಗೆ ತಮ್ಮನಿಂದ ಯಾವ ಉತ್ತರವೂ ಮುಟ್ಟಿರಲಿಲ್ಲ. ಆದರೂ ಅವರು ನೋಯುವ ಮೊಣಕಾಲನ್ನು ಚಾಚಿ ಹೊಸ್ತಿಲ ಬಳಿಯೇ ಕುಳಿತು, ಎಲೆ ಅಡಿಕೆಯ ತಾಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. "ನಮ್ಮ ತಮ್ಮ ಓದೂದು ಸ್ವಲ್ಪ ನಿಧಾನ್ರಿ. ಬರ್ತಾನ" ಎಂದಷ್ಟೇ ಹೇಳಿದರಂತೆ.

ಬೂದು ಕೋಟು ಓಣಿಯ ತಿರುವಿನಲ್ಲಿ ಕಂಡಿತು. ಕಾಲೆತ್ತಿ ಮೆಲ್ಲಗಿಡುವ ಆ ನಡಿಗೆ ಅಂದು ಓಟವೂ ಆಗದೆ ನಡಿಗೆಯೂ ಆಗದೆ ವಿಚಿತ್ರವಾಗಿತ್ತು. ಬಾಗಿಲಿಗೆ ಬಂದು ಏದುಸಿರು ಬಿಡುತ್ತ ನಿಂತ ತಮ್ಮನನ್ನು ಅಕ್ಕ ಅಡಿಯಿಂದ ಮುಡಿಯ ತನಕ ನೋಡಿದರು. ಬಂದಿ, ಕುಂದ್ರು, ಚಹಾ ಕುಡಿ ಎಂಬ ಹಳೆಯ ಮೂರು ಮಾತುಗಳು ಬರಲಿಲ್ಲ. ಬಸ್ಸು ಸಿಕ್ಕಿತೇ, ಆ ಕಡೆ ಮಳೆ ಹೇಗಿದೆ, ಕೆಮ್ಮು ಇಳಿದಿದೆಯೇ, ಮಹಾನಂದಾಳ ಬೆನ್ನು ಹೇಗಿದೆ, ಚೌಡೇಶನ ತೊಗರಿ ಎಷ್ಟೆತ್ತರ ಬಂದಿದೆ ಎಂದು ಒಂದಾದ ಮೇಲೊಂದು ಕೇಳತೊಡಗಿದರು. ಒಳಗೆ ಮಂದಿ ಕಾದಿದ್ದರು. ಗುರುಲಿಂಗಯ್ಯನವರು ಹೊಸ್ತಿಲಲ್ಲೇ ನಿಂತು ಒಂದೊಂದಕ್ಕೂ ವಿವರವಾಗಿ ಉತ್ತರ ಕೊಟ್ಟರು. ಎಮ್ಮೆ ಬತ್ತಿದ ಸುದ್ದಿಯನ್ನೂ ಬಿಡಲಿಲ್ಲ.

ನಿಶ್ಚಯ ನೆಟ್ಟಗೆ ನಡೆಯಿತು. ಎಲೆ ಅಡಿಕೆ ಸೋದರಮಾವನ ಕೈ ಸೇರಿ, ಅಲ್ಲಿಂದ ಬೀಗರ ಕೈ ಸೇರಿತು. ಊಟವಾದ ಮೇಲೆ ಅವರು ಹಿತ್ತಲಿಗೆ ಹೋಗಿ ಅವ್ವನ ಮಲ್ಲಿಗೆಯ ಬಳ್ಳಿಯನ್ನು ಬುಡದಿಂದ ಗೋಡೆಯ ಮೇಲಿನ ಕುಡಿಯವರೆಗೆ ನೋಡಿದರು. ಸಂಜೆ ಹೊರಡುವಾಗ ಲಲಿತಾಬಾಯಿ ಬುತ್ತಿ ಕಟ್ಟಿ ಬಾಗಿಲ ತನಕ ತಂದರು. ಚಪ್ಪಲಿ ಮೆಟ್ಟಿ, ಒಂದು ಕಾಲು ಆಚೆ ಇಟ್ಟ ತಮ್ಮನನ್ನು ತಡೆದರು.

"ಅಂದಂಗ ಗುರು... ಅವತ್ತ ಸಿದ್ಧಲಿಂಗನ ಮದಿವ್ಯಾಗ ನಾವೂ ಸ್ವಲ್ಪ ತಡೀಬೇಕಿತ್ತು."

ಹಳೆಯ ರೂಢಿಯಂತೆ ಗುರುಲಿಂಗಯ್ಯನವರ ಬಲ ಅಂಗೈ ಎದೆಯ ಮಟ್ಟಕ್ಕೆ ಎದ್ದಿತಂತೆ. ಎದ್ದದ್ದು ಅಲ್ಲಿ ನಿಲ್ಲದೆ ಮುಂದೆ ಹೋಗಿ, ಬುತ್ತಿಯ ಗಂಟಿನ ಕೆಳಗಿದ್ದ ಅಕ್ಕನ ಕೈಯನ್ನು ಹಿಡಿಯಿತು. ಮಹಾನಂದಾ ಇದನ್ನು ಮಾತ್ರ ಆಡಿ ತೋರಿಸುವುದಿಲ್ಲ, ಹೇಳುತ್ತಾರೆ ಅಷ್ಟೆ.

ಅವರು ಪೂರ್ತಿ ಬದಲಾದರು ಎಂದು ನಾನು ಹೇಳಲಾರೆ. ದಿನಪತ್ರಿಕೆ ಇಂದಿಗೂ ಚಹಾ ಆರುವ ಮೊದಲೇ ನಮ್ಮ ಮನೆಗೆ ಬರುತ್ತದೆ. ನನ್ನ ಮಾತು ನಾಲ್ಕನೆಯ ವಾಕ್ಯಕ್ಕೆ ಈಗಲೂ ನಿಲ್ಲುತ್ತದೆ. ಆದರೆ ಬಂದವರು ಹೊರಟು ನಿಂತಾಗ ಅವರು ಒಳಗೆ ಹೋಗುವುದಿಲ್ಲ. ಅವರ ಹಿಂದೆಯೇ ಬಾಗಿಲ ತನಕ ಬಂದು, ಕಂಬ ಹಿಡಿದು, ಕಿವಿಯನ್ನು ಸ್ವಲ್ಪ ಮುಂದಕ್ಕೆ ಚಾಚಿ ನಿಲ್ಲುತ್ತಾರೆ. ಏನೂ ಹೇಳಲಿಕ್ಕಿಲ್ಲದವರೂ ಆ ನಿಲುವಿಗೆ ಸೋತು ಏನನ್ನಾದರೂ ಹೇಳಿಯೇ ಹೋಗುತ್ತಾರೆ.

ಇಂಥವರನ್ನು ಅವಸರದವರು ಎನ್ನುವುದು ಸುಲಭ; ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಈಗ ಅನ್ನಿಸುವುದೇನೆಂದರೆ, ಕಡಿದುಹೋಗುವ ತಂತಿಯ ಮುಂದೆ ಬಾಳು ಸವೆಸಿದವರು ಇವರು. ಮಾತು ತುಂಡಾಗುವ ಮೊದಲೇ ಅದರ ಸಾರವನ್ನು ಹಿಡಿದಿಟ್ಟುಕೊಳ್ಳಬೇಕೆಂಬ ಆತುರ ಇವರದು, ಕೇಳುವ ಆಸೆ ಇಲ್ಲದ್ದರಿಂದ ಬಂದದ್ದಲ್ಲ. ಎದುರಿಗೆ ಲಲಿತಾಬಾಯಿಯಂಥವರು ಇರುತ್ತಾರೆ. ಹೃದಯದ ಮಾತನ್ನು ಹೊಸ್ತಿಲ ತನಕ ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಬರುವವರು. ಈ ಎರಡು ಜಾತಿಯವರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟುತ್ತಾರೆ, ಒಂದೇ ಓಣಿಯಲ್ಲಿ ಬಾಳುತ್ತಾರೆ. ಬಂಡೆಯ ಮೇಲೆ ಕುಳಿತು ಗುರುಲಿಂಗಯ್ಯನವರೇ ನನಗೆ ಒಮ್ಮೆ ಹೇಳಿದ್ದರು: ಆ ದೂರದ ಯಂತ್ರದ ಭಾಷೆಯಲ್ಲಿ ಪತ್ರದ ತಲೆಯನ್ನು ಮಾತ್ರ ಕೇಳಲು ಒಂದು ಪದವಿದೆ, ಬಾಲವನ್ನು ಮಾತ್ರ ಕೇಳಲು ಯಾವ ಪದವೂ ಇಲ್ಲ. ಕೊನೆಯ ಸಾಲು ಬೇಕಾದವರು ಪತ್ರವನ್ನು ಪೂರ್ತಿಯಾಗಿಯೇ ತರಿಸಿಕೊಳ್ಳಬೇಕು. ನಡುವೆ ತುಂಡಾದರೆ, ಆಶೀರ್ವಾದದ ಸಾಲಿನಿಂದ ಮತ್ತೆ ಶುರುಮಾಡಬೇಕು.